ಅತ್ತೆಯ ಉಪ್ಪು ಬೇರೆ, ಯಜಮಾನರ ಉಪ್ಪು ಬೇರೆ

ಪ್ರಶ್ನೆ: ಸೋಮವಾರಪೇಟೆ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಯಜಮಾನರಿಗೆ 52 ವರ್ಷ, ಕಳೆದ ವರ್ಷ ಅಡಿಸನ್ ಕಾಯಿಲೆ ಎಂದು ಗೊತ್ತಾಯಿತು. ದಿನಕ್ಕೆ ಹೈಡ್ರೋಕಾರ್ಟಿಸೋನ್ 20 ಮಿ.ಗ್ರಾಂ, ಫ್ಲೂಡ್ರೋಕಾರ್ಟಿಸೋನ್ 0.1 ಮಿ.ಗ್ರಾಂ ಕೊಡುತ್ತಿದ್ದೇವೆ. ಅತ್ತೆಗೆ ಬಿಪಿ ಇರುವುದರಿಂದ ಅಡುಗೆಗೆ ಸೋಡಿಯಂ ಕಡಿಮೆ ಇರುವ ಉಪ್ಪು, ಅದೂ ಸ್ವಲ್ಪವೇ. ಮೆಣಸು ಕೊಯ್ದು ಏಣಿ ಇಳಿದರೆ ಇವರಿಗೆ ತಲೆ ತಿರುಗುತ್ತದೆ, ಊಟಕ್ಕೆ ಕೂತರೆ ಉಪ್ಪಿನಕಾಯಿ ಬಿಡುವುದಿಲ್ಲ. ನೆಂಟರು ಸ್ಟೀರಾಯ್ಡ್ ನಿಲ್ಲಿಸಿ ಅನ್ನುತ್ತಾರೆ. ಏನು ಮಾಡಲಿ?

ಉತ್ತರ: ನೆಂಟರ ಮಾತು ಕೇಳಬೇಡಿ ಅಮ್ಮ. ಸ್ಟೀರಾಯ್ಡ್ ಎಂಬ ಹೆಸರಿಗೇ ಜನ ಹೆದರುತ್ತಾರೆ. ಮೈ ತಾನೇ ತಯಾರಿಸಬೇಕಿದ್ದ ಹಾರ್ಮೋನನ್ನೇ ಇಲ್ಲಿ ಗುಳಿಗೆಯಾಗಿ ಕೊಡುತ್ತಿರುವುದು. ನಿಲ್ಲಿಸಿದರೆ ಕೆಲವೇ ದಿನಗಳಲ್ಲಿ ಜೀವಕ್ಕೆ ಅಪಾಯ.

ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿ ಕೆಟ್ಟಾಗ ಎರಡು ಹಾರ್ಮೋನು ಕೈಕೊಡುತ್ತವೆ. ಕಾರ್ಟಿಸೋಲ್‌ನ ಜಾಗಕ್ಕೆ ಹೈಡ್ರೋಕಾರ್ಟಿಸೋನ್. ಮೂತ್ರದಲ್ಲಿ ಸೋಡಿಯಂ ಸೋರದಂತೆ ತಡೆಯುವ ಆಲ್ಡೋಸ್ಟಿರೋನ್‌ನ ಜಾಗಕ್ಕೆ ಫ್ಲೂಡ್ರೋಕಾರ್ಟಿಸೋನ್. ಅದು ಸಾಲದಿದ್ದರೆ ಉಪ್ಪು ಸೋರಿ ಹೋಗುತ್ತದೆ, ಎದ್ದು ನಿಂತಾಗ ಬಿಪಿ ಇಳಿಯುತ್ತದೆ. ಉಪ್ಪಿನಕಾಯಿಯ ಆಸೆ ಬಾಯಿಚಪಲವಲ್ಲ, ಮೈ ಕೇಳುತ್ತಿರುವುದು.

ನನಗೆ ಹೆಚ್ಚು ಗಾಬರಿಯಾದದ್ದು ಆ ಉಪ್ಪಿನ ಪೊಟ್ಟಣದ ಬಗ್ಗೆ. ಸೋಡಿಯಂ ಕಡಿಮೆ ಮಾಡಿದ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಬೆರೆಸಿರುತ್ತಾರೆ. ಈ ಕಾಯಿಲೆಯಲ್ಲಿ ಪೊಟ್ಯಾಸಿಯಂ ಮೊದಲೇ ಏರುವ ಸ್ವಭಾವದ್ದು, ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ. ಅವರ ತಟ್ಟೆಗೆ ಮಾಮೂಲಿ ಉಪ್ಪೇ ಇರಲಿ, ಅತ್ತೆಯವರ ಪಾಲು ಮೊದಲೇ ತೆಗೆದಿಡಿ. ಸುಸ್ತಾದಾಗ ಎಳನೀರು ಕೊಡುವುದು ನಮ್ಮಲ್ಲಿ ವಾಡಿಕೆ. ಅದರಲ್ಲೂ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬೆವರಿ ಬಂದವರಿಗೆ ಉಪ್ಪು ಹಾಕಿದ ಮಜ್ಜಿಗೆಯೋ ಗಂಜಿಯೋ ಮೇಲು.

ತಲೆ ತಿರುಗುವುದಕ್ಕೆ ಉಪ್ಪೊಂದೇ ಮದ್ದು ಎಂದುಕೊಳ್ಳಬೇಡಿ. ಮಲಗಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಿಸಿ. ರಕ್ತದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಸಾಧ್ಯವಾದರೆ ಫ್ಲೂಡ್ರೋಕಾರ್ಟಿಸೋನ್ ಸಾಲುತ್ತಿದೆಯೇ ಎಂದು ತಿಳಿಸುವ ರೆನಿನ್ ಪರೀಕ್ಷೆಯೂ ಆಗಲಿ. ಫ್ಲೂಡ್ರೋಕಾರ್ಟಿಸೋನ್ ಸಾಮಾನ್ಯವಾಗಿ 0.05ರಿಂದ 0.2 ಮಿ.ಗ್ರಾಂವರೆಗೆ ಬೇಕಾಗುತ್ತದೆ, ಏರಿಸುವುದು ವೈದ್ಯರ ಕೆಲಸ. ಕಾಲು ಊದಿದರೆ, ಬಿಪಿ ಏರಿದರೆ ಆ ಗುಳಿಗೆ ಹೆಚ್ಚಾಗಿರಬಹುದು. ಅಲ್ಲಿಯವರೆಗೆ ಏಣಿ ಹತ್ತುವುದು ಬೇಡ.

ಜ್ವರ ಬಂದರೆ ಹೈಡ್ರೋಕಾರ್ಟಿಸೋನ್ ಎರಡು-ಮೂರು ಪಟ್ಟು ಮಾಡಬೇಕಾಗುತ್ತದೆ. ಎಷ್ಟು, ಎಷ್ಟು ದಿನ ಎಂದು ಈಗಲೇ ವೈದ್ಯರಿಂದ ಬರೆಸಿಕೊಳ್ಳಿ. ವಾಂತಿಯಾಗಿ ಗುಳಿಗೆ ನಿಲ್ಲದಿದ್ದರೆ ಹೈಡ್ರೋಕಾರ್ಟಿಸೋನ್ 100 ಮಿ.ಗ್ರಾಂ ಇಂಜೆಕ್ಷನ್ ಕೊಟ್ಟು ತಕ್ಷಣ ಆಸ್ಪತ್ರೆಗೆ ಹೊರಡಬೇಕು. ಮಳೆಗಾಲದಲ್ಲಿ ಮರ ಬಿದ್ದು ರಸ್ತೆ ಮುಚ್ಚುವ ಊರು ನಿಮ್ಮದು. ಜೂನ್‌ಗೆ ಮೊದಲೇ ಆ ಇಂಜೆಕ್ಷನ್ ಮನೆಗೆ ತಂದಿಟ್ಟು, ಚುಚ್ಚುವುದನ್ನು ನರ್ಸ್ ಹತ್ತಿರ ಕಲಿತುಕೊಳ್ಳಿ.