ಸಾಕ್ಷಿ ಸುಳ್ಳು ಹೇಳಿದ ಅನ್ನುವುದೊಂದೇ ಸಾಲದು

ನಿಮ್ಮ ಪ್ರಶ್ನೆ ಓದಿ ಮನಸ್ಸು ಭಾರವಾಯಿತು. ಅಮೆರಿಕದ ಫೆಡರಲ್ ಕೋರ್ಟಿನಲ್ಲಿ ನಿಮ್ಮ ಅಣ್ಣನಿಗೆ ಡ್ರಗ್ಸ್ ಜಾಲ ನಡೆಸಿದ ಕೇಸಿನಲ್ಲಿ ಶಿಕ್ಷೆಯಾಗಿದೆ, ಸಾಕ್ಷಿ ಸುಳ್ಳು ಹೇಳಿದ ಅಂತ ಅಪೀಲು ಹಾಕಬಹುದಾ ಎಂದು ಕೇಳಿದ್ದೀರಿ.

ಮೊದಲು ದಿನ ಎಣಿಸಿ. ತೀರ್ಪು ದಾಖಲಾದ 14 ದಿನದೊಳಗೆ ಅಪೀಲಿನ ನೋಟಿಸ್ ಸಲ್ಲಿಸಬೇಕು. ವಕೀಲರು ಹಾಕಿರುತ್ತಾರೆ ಅಂತ ಸುಮ್ನೆ ಕೂರಬೇಡಿ, ಇವತ್ತೇ ಫೋನ್ ಮಾಡಿ ಕೇಳಿ.

ಸಾಕ್ಷಿಯನ್ನು ನಂಬುವುದು ಬಿಡುವುದು ಜ್ಯೂರಿಯ, ಅಂದರೆ ತಪ್ಪಿತಸ್ಥನೋ ಅಲ್ಲವೋ ಅಂತ ತೀರ್ಮಾನಿಸುವ ಸಾಮಾನ್ಯ ನಾಗರಿಕರ ತಂಡದ ಕೆಲಸ. ಮೇಲಿನ ಕೋರ್ಟು ಅದಕ್ಕೆ ಕೈ ಹಾಕುವುದು ತೀರಾ ಕಡಿಮೆ. ನೀವು ಹುಡುಕಬೇಕಾದ್ದು ಕಾನೂನಿನ ತಪ್ಪು. ಜಡ್ಜ್ ಜ್ಯೂರಿಗೆ ಓದಿ ಹೇಳಿದ ಸೂಚನೆಗಳ ಹಾಳೆಗಳನ್ನು ತರಿಸಿ, ಸಾಲು ಸಾಲಾಗಿ ನೋಡಿ. ಆರೋಪ 'ಕಂಟಿನ್ಯೂಯಿಂಗ್ ಕ್ರಿಮಿನಲ್ ಎಂಟರ್‌ಪ್ರೈಸ್' (ಒಂದರ ಹಿಂದೆ ಒಂದು ಅಪರಾಧ ಮಾಡುತ್ತಾ ಡ್ರಗ್ಸ್ ಜಾಲ ನಡೆಸುವುದು) ಆಗಿದ್ದರೆ, ನಿಮ್ಮ ಅಣ್ಣ ಐದು ಅಥವಾ ಜಾಸ್ತಿ ಜನರ ಮೇಲೆ ಹಿಡಿತ ಇಟ್ಟುಕೊಂಡಿದ್ದ ಅಂತ ಸಾಬೀತಾಗಬೇಕು. ಹೀಗೆ ಸಾಲಾಗಿ ನಡೆದವು ಎನ್ನುವ ಡ್ರಗ್ಸ್ ಅಪರಾಧಗಳಲ್ಲಿ ಯಾವ್ಯಾವುದು ನಡೆಯಿತು ಅನ್ನುವುದನ್ನೂ ಜ್ಯೂರಿಯವರೆಲ್ಲ ಒಮ್ಮತದಿಂದ ಒಪ್ಪಬೇಕು. 1999ರ ರಿಚರ್ಡ್‌ಸನ್ ಕೇಸಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟೇ ಹೀಗೆ ಹೇಳಿದೆ. ಸೂಚನೆಯಲ್ಲಿ ಈ ಮಾತೇ ಇಲ್ಲದಿದ್ದರೆ ಅದು ಗಟ್ಟಿ ಅಂಶ. ಆದರೆ ವಿಚಾರಣೆಯ ಹೊತ್ತಿನಲ್ಲೇ ವಕೀಲರು ಆಕ್ಷೇಪ ಎತ್ತಿದ್ದರಾ? ಎತ್ತದಿದ್ದರೆ ದಾರಿ ಕಷ್ಟ, ಮುಚ್ಚಿಲ್ಲ.