ಒಂದೇ ಪಗಾರ, ಆದರೂ ಅವನಿಗೆ ಫ್ಲಾಟು, ನನಗೆ ಕೈಗಡ

ಪ್ರಶ್ನೆ: ನಮ್ಮದು ಬ್ಯಾಡಗಿ. ಅಪ್ಪ ಮೆಣಸಿನಕಾಯಿ ಮಾರ್ಕೆಟ್‌ನಲ್ಲಿ ಹಮಾಲಿ, ಅವ್ವ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾಳೆ. ನಾನು ಸರ್ಕಾರಿ ಹಾಸ್ಟೆಲ್‌ನಲ್ಲಿದ್ದು ಡಿಪ್ಲೊಮಾ ಮುಗಿಸಿ ಈಗ ಹುಬ್ಬಳ್ಳಿಯ ಒಂದು ಕಂಪನಿಯಲ್ಲಿದ್ದೇನೆ. ಕೈಗೆ 38 ಸಾವಿರ ಬರುತ್ತದೆ. ಪಕ್ಕದ ಟೇಬಲ್ಲಿನವನಿಗೂ ಅಷ್ಟೇ. ಅವನೂ ಹಳ್ಳಿಯವನೇ, ಶಿಗ್ಗಾವಿ ಕಡೆ, ಅವರ ಅಜ್ಜನಿಗೆ ಉಳುತ್ತಿದ್ದ ಹೊಲ ಸ್ವಂತಕ್ಕೆ ಸಿಕ್ಕಿತ್ತಂತೆ. ಅವನು ಫ್ಲಾಟ್ ತಗೊಂಡ, ಕಾರೂ ಬಂತು. ನಾನು ಮನೆಗೆ ಕಳಿಸಿ, ತಂಗಿಯ ಫೀಸು ಕಟ್ಟಿ, ತಿಂಗಳ ಕೊನೆಗೆ ಕೈಗಡ ಕೇಳುತ್ತೇನೆ. ಊರಲ್ಲಿ ಎಲ್ಲರೂ ‘ನೀ ಮ್ಯಾಲ ಬಂದಿ ಬಿಡು’ ಅಂತಾರೆ. ನನಗೆ ದುಡ್ಡು ಇಟ್ಟುಕೊಳ್ಳಲು ಬರುವುದಿಲ್ಲವಾ?

ಉತ್ತರ: ಬರುತ್ತದೆ, ಅದರ ಬಗ್ಗೆ ಚಿಂತೆ ಬಿಡಿ. ಒಂದು ಹಾಳೆಯಲ್ಲಿ ಇಬ್ಬರ ಲೆಕ್ಕವನ್ನೂ ಬರೆದು ನೋಡಿ. ನೀವು ಮನೆಗೆ ಕಳಿಸುವುದು ಎಷ್ಟು, ತಂಗಿಯ ಫೀಸು, ಮನೆಯ ಹಳೆಯ ಸಾಲ, ಅವ್ವನ ಔಷಧಿ. ಅವನ ಮನೆಯಿಂದ ಅವನಿಗೆ ಬರುವುದು ಏನೇನು, ಜೋಳ, ಅಕ್ಕಿ, ಫ್ಲಾಟಿನ ಮುಂಗಡಕ್ಕೆ ಅಪ್ಪ ಕೊಟ್ಟ ಹಣ. ಪಗಾರ ಒಂದೇ ಇದ್ದರೂ ನಿಮ್ಮದು ಊರಿಗೆ ಹೋಗುತ್ತಿದೆ, ಅವನಿಗೆ ಊರಿಂದ ಬರುತ್ತಿದೆ. ನಾವು ಜನರನ್ನು ಮೇಲೆ ಕೆಳಗೆ ಅಂತ ಅಳೆಯುವಾಗ ಬರೀ ಪಗಾರ ಕೇಳುತ್ತೇವೆ, ಆಸ್ತಿ ಕೇಳುವುದಿಲ್ಲ (ಹೆಣ್ಣು ನೋಡಲು ಹೋದಾಗ ಮಾತ್ರ ಎರಡನ್ನೂ ಸರಿಯಾಗಿ ಕೇಳುತ್ತೇವೆ, ಅಲ್ವಾ).

ಅಸಮಾನತೆ ಜಾಸ್ತಿ ಇರುವುದೂ ಅಲ್ಲೇ, ಆಸ್ತಿಯಲ್ಲಿ. 2022-23ರಲ್ಲಿ ನಮ್ಮ ದೇಶದ ಅತಿ ಶ್ರೀಮಂತ ಶೇ 1ರಷ್ಟು ಜನರಿಗೆ ಒಟ್ಟು ಆದಾಯದಲ್ಲಿ ಶೇ 22.6ರಷ್ಟು ಪಾಲು ಸಿಕ್ಕಿದೆ, ಒಟ್ಟು ಸಂಪತ್ತಿನಲ್ಲಿ ಶೇ 40.1ರಷ್ಟು ಅವರ ಕೈಯಲ್ಲಿದೆ. ಇದು ಅಸಮಾನತೆಯನ್ನೇ ಅಧ್ಯಯನ ಮಾಡುವ ವರ್ಲ್ಡ್ ಇನ್ಇಕ್ವಾಲಿಟಿ ಲ್ಯಾಬ್‌ ಸಂಸ್ಥೆಯವರು ಹಾಕಿದ ಲೆಕ್ಕ. ಅಷ್ಟು ಎತ್ತರದ ಮಾತು ನಮಗ್ಯಾಕೆ ಅನ್ನಬೇಡಿ, ಇದೇ ಕತೆ ನಿಮ್ಮ ಎರಡು ಟೇಬಲ್ಲಿನ ನಡುವೆಯೂ ನಡೆದಿದೆ.

ಅವನ ಅಜ್ಜನಿಗೆ ಹೊಲ ಸಿಕ್ಕಿತ್ತು ಅಂದಿರಿ ನೋಡಿ, ನನಗೆ ಮುಖ್ಯ ಅನಿಸಿದ್ದು ಅದೇ. ದೇವರಾಜ ಅರಸು ಸರ್ಕಾರದ ಕಾಲದಲ್ಲಿ, 1974ರ ಮಾರ್ಚ್ 1ರಿಂದ, ಗೇಣಿಗೆ ಉಳುತ್ತಿದ್ದವರು ಫಾರ್ಮ್ ನಂಬರ್ 7 ತುಂಬಿ ಭೂ ನ್ಯಾಯಮಂಡಳಿಗೆ ಕೊಟ್ಟು ಹೊಲ ತಮ್ಮ ಹೆಸರಿಗೆ ಮಾಡಿಸಿಕೊಳ್ಳಬಹುದಿತ್ತು. ದೊಡ್ಡ ಬದಲಾವಣೆ ಅದು, ಅದನ್ನು ಸಣ್ಣದು ಮಾಡಿ ಹೇಳುವವನಲ್ಲ ನಾನು. ಆದರೆ ಕಾನೂನು ನೋಡಿದ್ದು ಗೇಣಿದಾರರನ್ನು. ಅದೇ ಹೊಲದಲ್ಲಿ ದಿನಗೂಲಿಗೆ ಕಳೆ ಕೀಳುತ್ತಿದ್ದವರು, ಆಳು ಇದ್ದವರು, ಅವರಿಗೆ ಆ ಹೊಲ ಕೇಳಲು ಫಾರ್ಮೇ ಇರಲಿಲ್ಲ. ನಿಮ್ಮ ಅಜ್ಜ ಎಲ್ಲಿದ್ದರು ಅಂತ ನೀವು ಬರೆದಿಲ್ಲ, ಅಪ್ಪ ಹಮಾಲಿ ಅಂದ ಮೇಲೆ ನಾನು ಊಹಿಸಬಲ್ಲೆ. ಗೆಳೆಯನ ಅಜ್ಜನ ಆ ಹೊಲ ಇವತ್ತಿಗೂ ಬ್ಯಾಂಕಿನಲ್ಲಿ ಸಾಲ ಹುಟ್ಟಿಸುತ್ತದೆ, ಹೆದ್ದಾರಿ ಪಕ್ಕ ಇದ್ದರಂತೂ ಒಂದು ಎಕರೆ ಮಾರಿದರೆ ಮಗನಿಗೆ ಮನೆ. ಐವತ್ತು ವರ್ಷದ ಹಿಂದಿನ ಒಂದು ಅರ್ಜಿ ಇವತ್ತು ನಿಮ್ಮ ಆಫೀಸಿನ ಪಾರ್ಕಿಂಗ್‌ನಲ್ಲಿ ಕಾರಾಗಿ ನಿಂತಿದೆ. ಇದರಲ್ಲಿ ನಿಮ್ಮ ಗೆಳೆಯನ ತಪ್ಪೇನೂ ಇಲ್ಲ, ಅವನ ಮೇಲೆ ಸಿಟ್ಟಾಗಬೇಡಿ.

ಹಾಗಂತ ನೀವು ಏರಿದ್ದು ಸುಳ್ಳಾ? ಇಲ್ಲ. ಹಿಂದುಳಿದ ವರ್ಗಗಳ ಬಗ್ಗೆ 1975ರಲ್ಲಿ ವರದಿ ಕೊಟ್ಟ ಎಲ್.ಜಿ. ಹಾವನೂರರು ನಿಮ್ಮ ಪಕ್ಕದ ರಾಣೆಬೆನ್ನೂರಿನವರು. ಆ ವರದಿಯ ಮೇಲೆ ಬಂದ ಮೀಸಲಾತಿ, ಆ ಕಾಲದ ಹಾಸ್ಟೆಲ್ಲು, ಸ್ಕಾಲರ್‌ಶಿಪ್ಪು, ಅದಕ್ಕೂ ಮೊದಲು ಧಾರವಾಡ ಹುಬ್ಬಳ್ಳಿಯ ಮಠಗಳ ಪ್ರಸಾದ ನಿಲಯಗಳು, ಇವೆಲ್ಲ ಸೇರಿಯೇ ಈ ಭಾಗದ ಬಡ ಮಕ್ಕಳನ್ನು ಓದಿಸಿದ್ದು. ‘ನಾನು ಸ್ವಂತ ಕಷ್ಟದಿಂದ ಬಂದೆ’ ಅನ್ನುವವರು ಆ ಊಟದ ತಟ್ಟೆಯನ್ನು ಯಾಕೋ ಬೇಗ ಮರೆಯುತ್ತಾರೆ. ಆದರೆ ಹಾಸ್ಟೆಲ್ಲು ನೌಕರಿಯವರೆಗೆ ತಂದು ಬಿಡುತ್ತದೆ, ಆಸ್ತಿ ಕೊಡುವುದಿಲ್ಲ. ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಒಕ್ಕೂಟ ಓಇಸಿಡಿ 2018ರ ವರದಿಯಲ್ಲಿ ಒಂದು ಅಂದಾಜು ಹಾಕಿತ್ತು. ತೀರಾ ಕೆಳಗಿನ ಆದಾಯದ ಕುಟುಂಬ ದೇಶದ ಸರಾಸರಿ ಮುಟ್ಟಲು ಡೆನ್ಮಾರ್ಕ್‌ನಲ್ಲಿ 2 ತಲೆಮಾರು ಸಾಕು, ಭಾರತದಲ್ಲಿ 7 ಬೇಕು. ನೀವು ಒಂದೇ ತಲೆಮಾರಿನಲ್ಲಿ ಎಲ್ಲ ಮುಗಿಸಲು ಹೊರಟು ಸಾಲ ಮಾಡಿ ಫ್ಲಾಟ್ ಹಿಡಿಯಬೇಡಿ ಅನ್ನುವುದಕ್ಕೆ ಇದನ್ನು ಹೇಳಿದೆ.

ನಿಮ್ಮಂಥ ಮನೆಗಳು ಮತ್ತೆ ಕೆಳಗೆ ಬೀಳುವುದು ಹೆಚ್ಚಾಗಿ ಒಂದು ಆಸ್ಪತ್ರೆ ಬಿಲ್ಲಿನಿಂದ. ಅಪ್ಪ ಅವ್ವನ ಹೆಸರಲ್ಲಿ ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ ಕುಟುಂಬಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಅವರ ಕಾರ್ಡ್ ಮಾಡಿಸಿದ್ದೀರಾ ನೋಡಿ. ಅಸಂಘಟಿತ ಕಾರ್ಮಿಕರಿಗೆ ಅಂತ ಇರುವ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಲ್ಲಿ ಹಮಾಲರನ್ನೂ ನೋಂದಾಯಿಸುತ್ತಾರೆ, ಕಾರ್ಮಿಕ ಇಲಾಖೆಯ ಆಫೀಸಿನಲ್ಲಿ ಕೇಳಿ. ನಿಮ್ಮ ಹೆಸರಲ್ಲಿ ಒಂದು ಟರ್ಮ್ ಇನ್ಶೂರೆನ್ಸ್ (ನಿಮ್ಮ ಜೀವಕ್ಕೇ ಏನಾದರೂ ಆದರೆ ಮನೆಗೆ ಹಣ ಕೊಡುವ ವಿಮೆ) ಇರಲಿ, ಯಾಕೆಂದರೆ ಆ ಮನೆಗೆ ಈಗ ಹೊಲ ಅಂದರೆ ನೀವೇ. ಫ್ಲಾಟು ಆಮೇಲೆ.

ಪ್ರಶ್ನೆ: ನಾವು ಬೆಟಗೇರಿಯವರು, ಮನೆಯಲ್ಲಿ ಮಗ್ಗ ಇದೆ. ಮಗಳು ಸರ್ಕಾರಿ ಕನ್ನಡ ಶಾಲೆಯಲ್ಲಿ ಏಳು ಮುಗಿಸಿ ಎಂಟಕ್ಕೆ ಬಂದಿದ್ದಾಳೆ. ಚೆನ್ನಾಗಿ ಓದುತ್ತಾಳೆ. ಇಂಗ್ಲಿಷ್ ಮೀಡಿಯಂ ಪ್ರೈವೇಟ್ ಶಾಲೆಗೆ ಹಾಕದಿದ್ದರೆ ಇವಳೂ ಮಗ್ಗದ ಮುಂದೆಯೇ ಕೂರುತ್ತಾಳೆ ಅಂತ ಎಲ್ಲರೂ ಹೆದರಿಸುತ್ತಾರೆ. ಸಂಘದಲ್ಲಿ ಸಾಲ ತೆಗೆಯಲಾ?

ಉತ್ತರ: ಬೇಡ ಅಕ್ಕಾ, ಈ ವರ್ಷವಂತೂ ಬೇಡ. ಬಡ ಮನೆಯ ಜಾಣ ಮಕ್ಕಳಿಗೆ ಸ್ಕಾಲರ್‌ಶಿಪ್ ಕೊಡುವ ಎನ್‌ಎಂಎಂಎಸ್ ಅನ್ನುವ ಪರೀಕ್ಷೆ ಇರುವುದೇ ಎಂಟನೇ ತರಗತಿಯವರಿಗೆ. ಸರ್ಕಾರಿ, ಅನುದಾನಿತ ಶಾಲೆಯ ಮಕ್ಕಳು ಮಾತ್ರ ಬರೆಯಬಹುದು, ಪ್ರೈವೇಟಿಗೆ ಹಾಕಿದ ದಿನವೇ ಅದು ಕೈತಪ್ಪುತ್ತದೆ. ಪಾಸಾಗಿ ಪಟ್ಟಿಗೆ ಬಂದರೆ ಒಂಬತ್ತರಿಂದ ಪಿಯುಸಿ ಎರಡನೇ ವರ್ಷದವರೆಗೆ ವರ್ಷಕ್ಕೆ 12 ಸಾವಿರ ಸಿಗುತ್ತದೆ. ಇನ್ನೊಂದು, ಒಂದರಿಂದ ಹತ್ತರವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿಇಟಿ ಸೀಟಿನಲ್ಲೂ ರಾಜ್ಯ ಸರ್ಕಾರದ ನೌಕರಿಯಲ್ಲೂ ಶೇ 5ರಷ್ಟು ಮೀಸಲಿದೆ. ಏಳು ವರ್ಷ ಕಟ್ಟಿಕೊಂಡು ಬಂದ ಹಕ್ಕು ಅದು, ಮೂರು ವರ್ಷ ಇರುವಾಗ ಸಾಲ ಮಾಡಿ ಬಿಟ್ಟುಕೊಡುತ್ತೀರಾ? ಇಂಗ್ಲಿಷ್ ಬೇಕು, ನಿಜ, ಅದಕ್ಕೆ ಸಂಜೆ ಒಂದು ಟ್ಯೂಶನ್ ಹಾಕಿ.

ಅಪ್ಪ ಎಲ್ಲಿದ್ದ, ಮಗ ಎಲ್ಲಿಗೆ ಮುಟ್ಟಿದ ಅಂತ ಲೆಕ್ಕ ಹಾಕುವ ಅಧ್ಯಯನಗಳು ಬೇಕಾದಷ್ಟಿವೆ. ಹೆಣ್ಣುಮಕ್ಕಳ ಲೆಕ್ಕ ಕಡಿಮೆ, ಯಾಕೆಂದರೆ ಮದುವೆಯಾದ ಮೇಲೆ ಅವರ ಹೆಸರು ತವರಿನ ಪಟ್ಟಿಯಲ್ಲಿ ಇರುವುದೇ ಇಲ್ಲ. ನಿಮ್ಮ ಪ್ರಶ್ನೆ ಮಗಳ ಬಗ್ಗೆ ಬಂದದ್ದು ಅದಕ್ಕೇ ನನಗೆ ಖುಷಿಯಾಯಿತು.

ಆ ಎನ್‌ಎಂಎಂಎಸ್ ಬರೆಯಲು ಏಳರಲ್ಲಿ ಶೇ 55 ಅಂಕ ಬಂದಿರಬೇಕು (ಎಸ್ಸಿ, ಎಸ್ಟಿ ಮಕ್ಕಳಿಗೆ ಶೇ 50), ಮನೆಯ ವರ್ಷದ ಆದಾಯ 3.5 ಲಕ್ಷದ ಒಳಗಿರಬೇಕು. ಅರ್ಜಿ ಶಾಲೆಯಿಂದಲೇ ಹೋಗುತ್ತದೆ, ಹೆಡ್‌ಮಾಸ್ತರರನ್ನು ನಾಳೆಯೇ ಕೇಳಿ. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಈಗಲೇ ಮಾಡಿಸಿಟ್ಟುಕೊಳ್ಳಿ, ಕೊನೆಯ ವಾರದಲ್ಲಿ ಸರ್ವರ್ ಕೈಕೊಡುತ್ತದೆ.