ಹಳೇ ಸ್ಪೀಕರ್ ಬಾಕ್ಸಿಗೆ ತೂತು ಹೊಡೆಸಿದರೆ ಬೇಸ್ ಬರುತ್ತದೆಯೇ? ಯಾವ ವೂಫರ್ ಹಾಕಿಸಲಿ?

ತೂತು ಹೊಡೆಸಬೇಡಿರಿ. ವೂಫರೂ ತರಬೇಡಿರಿ.

ಅಪ್ಪ ತಂದ ಎಂಟಿಂಚಿನ ಟು-ವೇ ಬಾಕ್ಸ್ (ದಪ್ಪ ಸ್ವರಕ್ಕೆ ವೂಫರ್, ಕೀಚು ಸ್ವರಕ್ಕೆ ಟ್ವೀಟರ್), ಎಲ್ಲಾ ಕಡೆ ಮುಚ್ಚಿದ್ದು, ಈಗ ಬೇಸ್ ಸತ್ತಿದೆ, ಹಿಂದೆ ಎರಡಿಂಚಿನ ತೂತು ಹೊಡೆದು ಜಾಸ್ತಿ ವ್ಯಾಟಿನ ವೂಫರ್ ಕೂರಿಸೋಣ ಅಂತ ಮೆಕ್ಯಾನಿಕ್ ಹೇಳಿದ್ದಾನೆ ಎಂದು ಬರೆದಿದ್ದೀರಿ. ನನ್ನದೂ ಅಂಥದೇ ಬಾಕ್ಸ್, ಕೇಳಿದ ಸಲಹೆಯೂ ಅದೇ. ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಒಬ್ಬರು ಬಾಕ್ಸನ್ನು ಬೆರಳಿಂದ ತಟ್ಟಿ, "ಉಸಿರಾಡ್ಲಾಕ ಜಾಗಾನೇ ಇಲ್ಲಲ್ರಿ ಅಣ್ಣಾರ, ಹಿಂದ ಒಂದ್ ತೂತ ಹೊಡೀತೀನಿ, ಬೇಸ್ ತಾನೇ ಬರ್ತದ" ಅಂದರು. ಹೂಂ ಅಂದವನು ನಾನೇ. ಎರಡೂ ಬಾಕ್ಸಿಗೆ ಹೊಡೆಸಿದೆ.

ಬೇಸ್ ಬಂತು, ಸುಳ್ಳು ಹೇಳುವುದಿಲ್ಲ. ಮೊದಲ ದಿನ ಕಿಟಕಿ ಗಾಜು ನಡುಗಿತು. ತಬಲಾ ಹಾಕಿದಾಗ ಬಣ್ಣ ಬಯಲಾಯಿತು. ಡಗ್ಗಾದ ಮೇಲೆ ಅಂಗೈ ಒತ್ತಿ ಜಾರಿಸಿದರೆ ಸ್ವರ ಏರಬೇಕು, ಇಳಿಯಬೇಕು. ಆ ಜಾರೇ ಮಾಯ. ಪ್ರತಿ ಪೆಟ್ಟೂ ಒಂದೇ ಸ್ವರದಲ್ಲಿ "ಧುಂ, ಧುಂ". ಲೆಕ್ಕ ಆಮೇಲೆ ಹಾಕಿದೆ. ಬಾಕ್ಸಿನ ಒಳಗಾತ್ರ ಸುಮಾರು 20 ಲೀಟರ್, ಹಲಗೆ 18 ಮಿಲಿಮೀಟರ್ ದಪ್ಪ, ತೂತು 5 ಸೆಂಟಿಮೀಟರ್. ಕೊಳವೆ ಇಲ್ಲದ ಅಂಥ ಬರೀ ತೂತು ಬಾಕ್ಸನ್ನು ಸುಮಾರು 73 ಹರ್ಟ್ಜ್‌ಗೆ (ಸೆಕೆಂಡಿಗೆ 73 ಕಂಪನ) ಶ್ರುತಿ ಮಾಡಿಬಿಡುತ್ತದೆ, ಖಾಲಿ ಶೀಶೆಯ ಬಾಯಿಗೆ ಊದಿದರೆ ಅದು ತನ್ನದೊಂದೇ ಸ್ವರ ಹಾಡುತ್ತದಲ್ಲ, ಹಾಗೆ. 35 ಹರ್ಟ್ಜ್‌ಗೆ ಇಳಿಸಬೇಕಾದರೆ ಅದೇ ಅಗಲದ 20 ಸೆಂಟಿಮೀಟರ್ ಉದ್ದದ ಕೊಳವೆ ಬೇಕು. ನನ್ನ ಬಾಕ್ಸಿನ ಒಳ ಆಳವೇ 21. ಕೊಳವೆಯ ಬಾಯಿಗೆ ಎದುರಿನ ಹಲಗೆಯೇ ಮುಚ್ಚಳ ಆಗುತ್ತದೆ.

ಇಷ್ಟೇ ಆಗಿದ್ದರೆ ತೂತಿಗೆ ಬಿರಡೆ ಹಾಕಿ ಸುಮ್ಮನಾಗಬಹುದಿತ್ತು. ಶ್ರುತಿಯ ಕೆಳಗಿನ ಸ್ವರ ಬಂದಾಗ ಗಾಳಿ ತೂತಿನಲ್ಲಿ ಸುಮ್ಮನೆ ಹೋಗಿ ಬರುತ್ತದೆ, ಕೋನನ್ನು (ವೂಫರಿನ ಅಲುಗುವ ಕಾಗದದ ಬಟ್ಟಲನ್ನು) ತಡೆಯುವುದು ಏನೂ ಉಳಿಯುವುದಿಲ್ಲ. 40 ಹರ್ಟ್ಜ್ ಆಸುಪಾಸಿನ ಸ್ವರಕ್ಕೆ ಕೋನ್ ಹುಚ್ಚನಂತೆ ಮುಂದೆ ಹಿಂದೆ ಓಡುತ್ತದೆ, ಆದರೆ ಕಿವಿಗೆ ಏನೂ ಕೇಳಿಸುವುದಿಲ್ಲ. ಕೇಳಿಸಿದ್ದು "ಟಕ್" ಅನ್ನುವ ಸದ್ದು ಮಾತ್ರ: ಕಾಯಿಲ್, ಅಂದರೆ ಕೋನನ್ನು ಅಲುಗಿಸುವ ತಂತಿಯ ಸುರುಳಿ, ಸುತ್ತಿದ ಕೊಳವೆ ಮ್ಯಾಗ್ನೆಟ್ಟಿನ ಹಿಂದಿನ ತಟ್ಟೆಗೆ ಹೊಡೆದದ್ದು. ಅದರ ತುದಿ ಸೊಟ್ಟಾಯಿತು. ಆಮೇಲೆ ಎಷ್ಟು ಸಣ್ಣಗೆ ಹಚ್ಚಿದರೂ ಗರಗರ. ಕಾಯಿಲ್, ಕೋನ್ ಎರಡೂ ಬದಲಿಸಿ ಕಟ್ಟಿಸಿದೆ, ಆದರೆ ಸಿಕ್ಕ ಸಾಮಾನು ಮೈಕ್‌ಸೆಟ್ ಸ್ಪೀಕರಿನದು. ಎಡಗಡೆಯದು ಒಂದು ರೀತಿ, ಬಲಗಡೆಯದು ಇನ್ನೊಂದು ರೀತಿ. ಜೋಡಿ ಮುರಿದ ಸ್ಟೀರಿಯೋದಲ್ಲಿ ಹಾಡುವವರ ದನಿ ನಡುವೆ ನಿಲ್ಲುವುದೇ ಇಲ್ಲ.

ಮೆಕ್ಯಾನಿಕ್ ಮೇಲೆ ತಪ್ಪು ಹೊರಿಸುವುದು ಸುಲಭ. ನಿಜವಾದ ತಪ್ಪು ನನ್ನದು: ಮುಂದಿನ ಗ್ರಿಲ್ ಬಟ್ಟೆ ಬಿಚ್ಚಿ ನೋಡದೇ ಹೂಂ ಅಂದೆ. ಬಟ್ಟೆಯ ಚೌಕಟ್ಟು ಬಿಗಿಯಾಗಿತ್ತು, ಎಳೆದರೆ ಹರಿದೀತು ಅಂತ ಮುಟ್ಟಲಿಲ್ಲ. ಒಂದು ತೆಳು ಚಾಕು ನಾಲ್ಕೂ ಮೂಲೆಗೆ ಆಡಿಸಿದ್ದರೆ ಎರಡು ನಿಮಿಷದ ಕೆಲಸ. ಬಿಚ್ಚಿದ್ದರೆ ಕಾಣುತ್ತಿತ್ತು: ಕೋನಿನ ಸುತ್ತ ಇರುವ ಫೋಮ್ ಅಂಚು ಮುಕ್ಕಾಲು ಪಾಲು ಸೀಳಿ, ಮುಟ್ಟಿದರೆ ಹಳೇ ಬೆಲ್ಲದಂತೆ ಬೆರಳಿಗೆ ಅಂಟುತ್ತಿತ್ತು. ಬೇಸ್ ಸತ್ತದ್ದು ಆ ಸೀಳುಗಳಿಂದ. ಮೊದಲೇ ಸೋರುತ್ತಿದ್ದ ಕೊಡಕ್ಕೆ ನಾನು ಇನ್ನೊಂದು ತೂತು ಹೊಡೆಸಿದೆ. ಅಂಚು ಸಡಿಲ, ಗಾಳಿಯ ತಡೆಯೂ ಇಲ್ಲ. ಕಾಯಿಲ್ ಹೋಗದೇ ಏನು ಮಾಡೀತು?

ಈ ಬಾಕ್ಸುಗಳಲ್ಲಿ ಗಾಳಿಯನ್ನು ಮುಚ್ಚಿಟ್ಟದ್ದು ಜಾಗ ಇಲ್ಲದ್ದಕ್ಕಲ್ಲ, ಆ ಗಾಳಿಯೇ ಸ್ಪ್ರಿಂಗ್. 1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಎಆರ್-1 ಅನ್ನುವ ಸ್ಪೀಕರ್ ತಂದಾಗ ಮಾಡಿದ ಚಮತ್ಕಾರ ಇಷ್ಟೇ: ವೂಫರಿನ ಅಂಚನ್ನೂ ಒಳಗಿನ ಸ್ಪೈಡರನ್ನೂ (ಕಾಯಿಲನ್ನು ನಡುವೆ ಹಿಡಿದಿಡುವ ಬಟ್ಟೆಯ ಬಿಲ್ಲೆ) ಬೇಕಂತಲೇ ಸಡಿಲ ಬಿಟ್ಟು, ಕೋನನ್ನು ಹಿಂದಕ್ಕೆ ತರುವ ಕೆಲಸವನ್ನು ಡಬ್ಬಿಯೊಳಗಿನ ಗಾಳಿಗೆ ಕೊಟ್ಟ. ಬಟ್ಟೆ, ಕಾಗದ ಒಂದು ಮಿತಿ ದಾಟಿದರೆ ಜಗ್ಗುತ್ತವೆ, ಗಾಳಿ ಹೆಚ್ಚು ನೇಮದಿಂದ ಒತ್ತುತ್ತದೆ. ಅಲ್ಲಿತನಕ ಕಪಾಟಿನಷ್ಟು ದೊಡ್ಡ ಪೆಟ್ಟಿಗೆ ಕೇಳುತ್ತಿದ್ದ ಬೇಸ್ ಪುಸ್ತಕದ ಗೂಡಿಗೆ ಬಂತು. ಅದಕ್ಕೆ ತೆತ್ತ ಬೆಲೆ ಸದ್ದಿನ ಜೋರು. ಅದೇ ಜೋರಿಗೆ ಇವುಗಳಿಗೆ ಹೆಚ್ಚು ವ್ಯಾಟಿನ ಆಂಪ್ಲಿಫೈಯರ್ ಬೇಕು.

ಹೊಸ ವೂಫರ್ ಬೇಡ ಅಂದದ್ದೂ ಇದಕ್ಕೇ. ಅಂಗಡಿಯಲ್ಲಿ ಸುಲಭವಾಗಿ ಸಿಗುವ ಎಂಟಿಂಚಿನದು ಬಹಳ ಸಲ ಮೈಕ್‌ಸೆಟ್ ಜಾತಿಯದು. ಗಟ್ಟಿ ಬಟ್ಟೆಯ ಅಂಚು, ತನ್ನ ಸ್ವಂತ ಅನುರಣನವೇ (ತಾನಾಗಿ ಕಂಪಿಸುವ ಸ್ವರ) 55-60 ಹರ್ಟ್ಜ್. ಈ ಡಬ್ಬಿಯಲ್ಲಿ ಕೂರಿಸಿದರೆ ಅದು ಇನ್ನೂ ಮೇಲೇರುತ್ತದೆ. ಹಳೆಯದು ಡಬ್ಬಿಯ ಹೊರಗೆ 28 ಹರ್ಟ್ಜ್ ಇದ್ದು ಒಳಗೆ 60ರ ಹತ್ತಿರ ಬರುವ ಲೆಕ್ಕದಲ್ಲಿ ಮಾಡಿದ್ದು. ಮೇಲಾಗಿ ಹೊಸದು ಜೋರಾಗಿ ಒದರುತ್ತದೆ, ಹಳೇ ಟ್ವೀಟರ್ ಅದಕ್ಕೆ ಸಾಲುವುದಿಲ್ಲ. ವೂಫರಿನ ಮೇಲೆ ಬರೆದ ವ್ಯಾಟಿಗೂ ಬೇಸಿಗೂ ಸಂಬಂಧವೇ ಇಲ್ಲ.

ನಿಮಗೆ ಬೇಕಾದದ್ದು ಹೊಸ ಫೋಮ್ ಅಂಚು. ಮೊದಲು ಮಲ್ಟಿಮೀಟರಿನಿಂದ ವೂಫರ್ ನೋಡಿರಿ, 8 ಓಮ್ ಸ್ಪೀಕರ್ 6ರಿಂದ 7 ತೋರಿಸಿದರೆ ಕಾಯಿಲ್ ಜೀವಂತ. ಎಂಟಿಂಚು ಅಂತ ಕೇಳಿ ಫೋಮ್ ತರಿಸಬೇಡಿರಿ, ಅದರಲ್ಲಿ ಹತ್ತು ಅಳತೆ. ಕೋನಿನ ಅಡ್ಡಳತೆ, ವೂಫರಿನ ಲೋಹದ ಚೌಕಟ್ಟಿನ ಮೇಲೆ ಅಂಟುವ ಪಟ್ಟಿಯ ಒಳ-ಹೊರ ಅಳತೆ, ನಡುವಿನ ಉಬ್ಬಿನ ಅಗಲ ಮಿಲಿಮೀಟರಿನಲ್ಲಿ ಬರೆದುಕೊಂಡು ಹೋಲಿಸಿ ತರಿಸಿರಿ. ಗಟ್ಟಿ ಬಾಳುತ್ತದೆ ಅಂತ ರಬ್ಬರ್ ಅಂಚು ಹಾಕಿದರೆ ಅದು ಭಾರ, ಬಿಗಿ ಎರಡೂ ಹೆಚ್ಚು. ಸಡಿಲವೇ ಈ ವಿನ್ಯಾಸದ ಪ್ರಾಣ.

ಹಳೇ ಫೋಮನ್ನು ಚೌಕಟ್ಟಿನ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ ತೆಗೆಯಿರಿ, ಕಾಗದದ ಕೋನಿನ ಮೇಲೆ ಒಣಗಿದ್ದಾಗಲೇ ಬೆರಳಿಂದ, ಮೊಂಡ ಬ್ಲೇಡಿನಿಂದ ಕೆರೆಯಿರಿ. ಕೋನಿನ ನಡುವಿನ ಡಸ್ಟ್ ಕ್ಯಾಪನ್ನು (ದೂಳು ತಡೆಯುವ ಗುಮ್ಮಟ) 2 ಮಿಲಿಮೀಟರ್ ಅಂಚು ಬಿಟ್ಟು ಕತ್ತರಿಸಿ ತೆಗೆದಿಡಿರಿ. ಕೆಳಗೆ ಕಾಯಿಲ್ ಕಾಣುತ್ತದೆ. ಹಳೇ ಎಕ್ಸ್‌ರೇ ಹಾಳೆಯಿಂದ 6 ಮಿಲಿಮೀಟರ್ ಅಗಲದ ನಾಲ್ಕು ಪಟ್ಟಿ ಕತ್ತರಿಸಿ, ಕಾಯಿಲಿಗೂ ನಡುವಿನ ಕಬ್ಬಿಣದ ಕಂಬಕ್ಕೂ ನಡುವೆ ಗಡಿಯಾರದ 12, 3, 6, 9ರ ಜಾಗದಲ್ಲಿ ಇಳಿಸಿರಿ. ಸಡಿಲ ಅನಿಸಿದರೆ ಎರಡೆರಡು. ಪಟ್ಟಿ ಇಲ್ಲದೇ ಕಣ್ಣಳತೆಯಲ್ಲಿ ಅಂಟಿಸಿದರೆ ಕೂದಲೆಳೆ ಓರೆಗೂ ಕಾಯಿಲ್ ತಿಕ್ಕುತ್ತದೆ. ಕ್ಯಾಪ್ ತೆಗೆದ ಮೇಲೆ ಆ ಸಂದಿಯನ್ನು ಟೇಪಿನಿಂದ ಮುಚ್ಚಿಟ್ಟೇ ಎದ್ದು ಹೋಗಿರಿ. ನಮ್ಮ ಕಡೆಯ ದೂಳು ಒಂದು ತಾಸಿನಲ್ಲಿ ಎಲ್ಲಿಗೆಲ್ಲಾ ಹೋಗುತ್ತದೆ ಗೊತ್ತೇ ಇದೆ, ಕಬ್ಬಿಣದ ಪುಡಿಯನ್ನಂತೂ ಮ್ಯಾಗ್ನೆಟ್ ತಾನೇ ಕರೆದುಕೊಳ್ಳುತ್ತದೆ.

ಅಂಟಿಗೆ ಬಡಗಿಗಳ ಬಿಳಿ ಫೆವಿಕಾಲ್ ಸಾಕು. ಚಪ್ಪಲಿಗೆ ಹಚ್ಚುವ ಹಳದಿ ಸೊಲ್ಯೂಷನ್ ಮುಟ್ಟಿದಲ್ಲೇ ಹಿಡಿಯುತ್ತದೆ, ಸರಿಸಲಿಕ್ಕೆ ಬಿಡುವುದಿಲ್ಲ. ಆದರೆ ವೈಶಾಖದ 42 ಡಿಗ್ರಿಯಲ್ಲಿ ಫೆವಿಕಾಲ್ ಕೂಡ ನೋಡನೋಡುತ್ತಲೇ ಕೆನೆ ಕಟ್ಟುತ್ತದೆ. ನಸುಕಿನಲ್ಲಿ, ಫ್ಯಾನ್ ಆರಿಸಿ ಕೂಡಿರಿ. ಮೊದಲು ಫೋಮನ್ನು ಕೋನಿಗೆ ಮಾತ್ರ ಅಂಟಿಸಿ ಒಂದು ರಾತ್ರಿ ಬಿಡಿರಿ. ಮರುದಿನ ಚೌಕಟ್ಟಿಗೆ ಹಚ್ಚಿ, ಸುತ್ತ ಬಟ್ಟೆ ಒಣಗಿಸುವ ಕ್ಲಿಪ್ ಹಾಕಿರಿ. ಅದೂ ಪೂರಾ ಒಣಗಿದ ಮೇಲೆ ಪಟ್ಟಿ ಎಳೆದು, ಎರಡು ಹೆಬ್ಬೆರಳಿಂದ ಕೋನನ್ನು ನೆಟ್ಟಗೆ ಒತ್ತಿ ಕಿವಿ ಹಚ್ಚಿ ಕೇಳಿರಿ. ಸದ್ದಿಲ್ಲದಿದ್ದರೆ ಕ್ಯಾಪ್ ಅಂಟಿಸಿರಿ.

ತಿರುಗಿ ಕೂರಿಸುವಾಗ ವೂಫರಿಗೂ ಬಾಕ್ಸಿಗೂ ನಡುವಿನ ಹಳೇ ಗ್ಯಾಸ್ಕೆಟ್ ಒಣಗಿ ಕಲ್ಲಾಗಿರುತ್ತದೆ, ಬಾಗಿಲ ಸಂದಿಗೆ ಹಚ್ಚುವ ಫೋಮ್ ಟೇಪ್ ಹಾಕಿರಿ. ಒಳಗೆ ವಿನೆಗರ್ ವಾಸನೆಯ ಸಿಲಿಕೋನ್ ಬಳಸಬೇಡಿರಿ, ತಾಮ್ರ ತಿನ್ನುತ್ತದೆ. ಒಳಗಿನ ಹತ್ತಿಯನ್ನೋ ಪಾಲಿಯೆಸ್ಟರನ್ನೋ ಕಸ ಅಂತ ಎಸೆಯಬೇಡಿರಿ. ಅದು ಗಾಳಿಯ ಬಿಸಿಯೇರಿಕೆ ಹೀರಿ ಬಾಕ್ಸನ್ನು ಇದ್ದದ್ದಕ್ಕಿಂತ ದೊಡ್ಡದು ಅನ್ನಿಸುತ್ತದೆ. ಕರಗಿಹೋಗಿದ್ದರೆ 20 ಲೀಟರಿಗೆ 160-200 ಗ್ರಾಂ ದಿಂಬಿನ ಪಾಲಿಯೆಸ್ಟರ್ ಸಡಿಲವಾಗಿ ತುಂಬಿರಿ. ಬಾಕ್ಸ್ ಮುಚ್ಚಿದ ಮೇಲೆ ವೂಫರನ್ನು ಮೆಲ್ಲಗೆ ಒಳಗೊತ್ತಿ ಬಿಟ್ಟರೆ ನಿಧಾನವಾಗಿ ಮರಳಬೇಕು. ಥಟ್ಟನೆ ಜಿಗಿದರೆ ಎಲ್ಲೋ ಸೋರುತ್ತಿದೆ, ಹೆಚ್ಚಾಗಿ ಹಿಂದಿನ ವಯರ್ ತಟ್ಟೆಯಲ್ಲಿ.

ಟ್ವೀಟರ್ ಮಂಕಾಗಿದ್ದರೆ ಹೆಚ್ಚಾಗಿ ಅದರ ಕೆಪಾಸಿಟರ್ (ಟ್ವೀಟರಿಗೆ ದಪ್ಪ ಸ್ವರ ಹೋಗದಂತೆ ತಡೆಯುವ ಬಿಡಿಭಾಗ) ಒಣಗಿರುತ್ತದೆ. ಅಷ್ಟೇ ಮೈಕ್ರೋಫ್ಯಾರಡಿನ ನಾನ್-ಪೋಲಾರ್ ಹಾಕಿರಿ, ಪ್ಲಸ್-ಮೈನಸ್ ಇರುವುದಲ್ಲ.

ಇಷ್ಟೆಲ್ಲಾ ಆದ ಮೇಲೂ ಬೇಸ್ ಕಡಿಮೆ ಅನಿಸಿದರೆ ಬಾಕ್ಸನ್ನು ಗೋಡೆಗೆ ಒಂದು ಗೇಣು ಸರಿಸಿರಿ, ಖರ್ಚಿಲ್ಲ. ಕೆಳಗೆ ಶಹಾಬಾದ್ ಕಲ್ಲಿನ ನೆಲ ಇದ್ದರೆ ಮುಂದೊಂದು ಜಮಖಾನ ಹಾಸಿರಿ, ಟ್ವೀಟರಿನ ಕೀಚು ಇಳಿಯುತ್ತದೆ.

ನನ್ನ ತೂತುಗಳನ್ನು 18 ಮಿಲಿಮೀಟರ್ ಹಲಗೆಯ ಬಿಲ್ಲೆ ಬಡಿದು ಮುಚ್ಚಿಸಿದೆ. ಡಗ್ಗಾ ಸರಿಯಾಯಿತು, ಜೋಡಿ ಸರಿಯಾಗಲಿಲ್ಲ. ನೀವು ಮೊದಲು ಗ್ರಿಲ್ ಬಿಚ್ಚಿರಿ, ಆ ಅಳತೆಗಳನ್ನು ಕಾಮೆಂಟಿನಲ್ಲಿ ಹಾಕಿರಿ. ಯಾವ ಫೋಮ್ ಹೊಂದುತ್ತದೆ ನೋಡಿ ಹೇಳುತ್ತೇನೆ.